ಸಡಿಲಿಸಿದ ನಾಲ್ಕು ತಂತಿಗಳು

ಈ ಬೆಳಗ್ಗೆ ಎದುರುಮನೆಯವರು ಸ್ಕೂಟರಿಗೆ ಕುಂಕುಮ ಹಚ್ಚಿ ಬೂದುಗುಂಬಳ ಒಡೆದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮುಖ ಬಿಸಿಯಾಯಿತು. ಆಯುಧಪೂಜೆ ಬಂದರೆ ಊರಿಗೆಲ್ಲ ಸಂಭ್ರಮ, ನನಗೆ ಮಾತ್ರ ನಾಚಿಕೆ. ಯಾಕೆ ಅಂತೀರಾ? ಹೇಳುತ್ತೇನೆ, ನಗಬೇಡಿ.

ಎಪ್ಪತ್ತರ ದಶಕ. ಕಾಮಾಕ್ಷಿಪಾಳ್ಯದ ಮಗ್ಗದ ಮನೆಯಿಂದ ರಾಜಾಜಿನಗರಕ್ಕೆ ಹೊಸ ಸೊಸೆಯಾಗಿ ಬಂದಿದ್ದೆ. ನಮ್ಮ ಮನೆಯವರಿಗೆ ಹಗಲು ಕಾರ್ಖಾನೆ, ಸಂಜೆ ಆರ್ಕೆಸ್ಟ್ರಾ. ಅಲ್ಲಿ ಅವರದು ಡಬಲ್ ಬೇಸ್. ಆಳೆತ್ತರದ ಪಿಟೀಲು ಅನ್ನಿ. ಅದು 'ಗುಂ' ಅಂದರೆ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ಉಕ್ಕಿನ ತಂತಿ ಹಾಕಿದರೆ ಸದ್ದು ಚೂಪಾಗುತ್ತದೆಂದು ಕರುಳಿನ ದಪ್ಪ ತಂತಿಯನ್ನೇ ಹಾಕಿಕೊಂಡಿದ್ದರು. ಅದು ಕುರಿಯ ಕರುಳೆಂದು ನಮ್ಮತ್ತೆಗೆ ಯಾರೂ ಹೇಳಿರಲಿಲ್ಲ ಬಿಡಿ. ಆದರೆ ಆರ್ಕೆಸ್ಟ್ರಾ ಮಾಲೀಕನ ಕಣ್ಣು ಆಗಲೇ ಅದೇ ಕೆಲಸ ಮಾಡುವ ಬೇಸ್ ಗಿಟಾರಿನ ಮೇಲೆ ಬಿದ್ದಿತ್ತು. "ದಸರಾ ಪ್ರೋಗ್ರಾಮಲ್ಲಿ ನಿಮ್ದು ಹೇಗೆ ಕೇಳ್ಸುತ್ತೆ ನೋಡಿ, ಆಮೇಲೆ ಹೇಳ್ತೀನಿ" ಎಂದಿದ್ದ.

ತವರಲ್ಲಿ ಆಯುಧಪೂಜೆಯೆಂದರೆ ಮಗ್ಗಕ್ಕೆ ರಜೆ. ನೂಲಿನ ಬಿಗಿಯನ್ನೂ ಸಡಿಲಿಸಿ ಆರತಿ ಎತ್ತುತ್ತಿದ್ದೆವು. ಅದೇ ಭಕ್ತಿ ಇಲ್ಲೂ ಉಕ್ಕಿತು. ಅವರು ಸ್ನಾನಕ್ಕೆ ಹೋದಾಗ ಬಿರಡೆ ತಿರುಗಿಸಿ ನಾಲ್ಕೂ ತಂತಿ ಸಡಿಲಿಸಿಬಿಟ್ಟೆ. ತಂತಿ ಹೊತ್ತಿದ್ದ ಮರದ ಕುದುರೆ ಪಟ್ಟನೆ ಬಿತ್ತು. ವಾದ್ಯದ ಒಳಗೂ ಏನೋ ಕಟಕ್ಕನೆ ಉರುಳಿತು. ಯಾರದೋ ಪೆನ್ಸಿಲ್ ಇರಬೇಕು ಎಂದುಕೊಂಡೆ, ಮಹಾ ಬುದ್ಧಿವಂತೆ!

ಹೂವಿಟ್ಟು ಆರತಿ ಎತ್ತುವಷ್ಟರಲ್ಲಿ ನೆಂಟರೆಲ್ಲ ನೆರೆದಿದ್ದರು. "ನೋಡಿ, ನಮ್ಮ ಸೊಸೆ ವಾದ್ಯಕ್ಕೂ ಎಷ್ಟು ಚೆನ್ನಾಗಿ ಪೂಜೆ ಮಾಡಿದಾಳೆ" ಎಂದು ಅತ್ತೆ ಕೊಂಡಾಡಿದರು. ಸ್ನಾನ ಮುಗಿಸಿ ಬಂದ ಇವರು ಕುದುರೆ ನಿಲ್ಲಿಸಿ, ತಂತಿಗಳನ್ನು ಅರ್ಧಂಬರ್ಧ ಬಿಗಿದರು.

ಮರುದಿನ ಸಂಜೆ ವಿಜಯನಗರದ ಪೆಂಡಾಲಿನಲ್ಲಿ ಮೊದಲ ಸಾಲಿನಲ್ಲೇ ಕೂತಿದ್ದೆ. ಡಬಲ್ ಬೇಸಿನಿಂದ ಹಾಸಿಗೆ ಬಡಿದಂಥ ಸದ್ದು ಬಂತು. ಹಿಂದಿದ್ದ ಹುಡುಗರು ಕಿಸಕ್ಕೆಂದರು. ಕಾರ್ಯಕ್ರಮ ಮುಗಿದ ಮೇಲೆ ಮಾಲೀಕ ಟಾರ್ಚ್ ಹಿಡಿದು ವಾದ್ಯದ ಸೀಳಿನೊಳಗೆ ಇಣುಕಿದ.

"ಏನ್ರೀ, ಒಳಗೆ ನಾದ ಹೊರೋ ಕಡ್ಡಿನೇ ಬಿದ್ದಿದೆ! ಅದಕ್ಕೆ ಅಂಟು ಹಾಕಿರಲ್ಲ, ತಂತಿ ಬಿಗಿಗೇ ನಿಂತಿರುತ್ತೆ. ಎಲ್ಲಾ ಒಟ್ಟಿಗೆ ಸಡಿಲಿಸಬಾರದು ಅಂತ ಗೊತ್ತಿಲ್ವಾ ನಿಮಗೆ?"

"ಮರೆತುಬಿಟ್ಟೆ ಸಾರ್" ಎಂದರು ಇವರು.

"ನಾನು ಸಾರ್ ಸಡಿಲಿಸಿದ್ದು!" ಎಂದು ನಾನು ಎದ್ದು ನಿಂತೆ. ಆತ ನನ್ನನ್ನು ನೋಡಿ, ಇವರನ್ನು ನೋಡಿ, ಜೋರಾಗಿ ನಕ್ಕ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಕಾರ್ಯಕ್ರಮದಲ್ಲಿ ಇವರ ಜಾಗಕ್ಕೆ ಬೇಸ್ ಗಿಟಾರ್ ಬಂತು. ಇವರು ಬಾಗಿದ ಕೊಕ್ಕೆಯಿಂದ ಕಡ್ಡಿ ನಿಲ್ಲಿಸಿ, ಕೂದಲೆಳೆಯಷ್ಟು ಆಚೀಚೆ ಸರಿಸಿ, ಹಳೆಯ ನಾದ ಬರಿಸಿದರು. ಕೇಳುವವರು ಮಾತ್ರ ಮನೆಮಂದಿ ಅಷ್ಟೇ.

ಇವತ್ತು ಇವರಿಗೆ ಕಾಫಿ ಕೊಟ್ಟು, ಧೈರ್ಯ ಮಾಡಿ ಕೇಳಿದೆ: "ಕಡ್ಡಿ ಬಿದ್ದಿದ್ದು ನಿಮಗೆ ಆಗ ಗೊತ್ತಾಗ್ಲೇ ಇಲ್ವಾ?"

"ಬಚ್ಚಲಮನೆಗೇ ಕೇಳಿಸ್ತು ಕಣೇ. ಕಡ್ಡಿ ಇಲ್ದೆ ಪೂರ್ತಿ ಬಿಗಿದ್ರೆ ಮರ ಸೀಳುತ್ತೆ ಅಂತಾನೇ ತಂತಿ ಅರ್ಧಂಬರ್ಧ ಬಿಗಿದೆ. ಅಮ್ಮ ಎಲ್ಲರ ಮುಂದೆ ನಿನ್ನ ಹೊಗಳ್ತಾ ಇದ್ರು. ಹೇಗೆ ಹೇಳ್ಲಿ?"

"ರಾತ್ರಿ ಸರಿ ಮಾಡ್ಕೋಬಹುದಿತ್ತಲ್ಲ?"

"ನೆಂಟರು ಅದರ ಸುತ್ತಾನೇ ಮಲಗಿದ್ರಲ್ಲೇ."

ಅಯ್ಯೋ ದೇವರೇ! ಗೊತ್ತಿದ್ದೂ ವೇದಿಕೆ ಹತ್ತಿದ್ದರು. ಇಷ್ಟು ವರ್ಷ ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲ. "ಆವತ್ತೇ ಒಂದ್ಸಲ ಬೈದಿದ್ರೆ ಮರೆತುಹೋಗಿರ್ತಿತ್ತಲ್ರೀ. ಈಗಲಾದ್ರೂ ಬೈದುಬಿಡಿ" ಎಂದೆ.

ಅವರು ಲೋಟ ಎತ್ತಿ ಒಂದು ಗುಟುಕು ಕುಡಿದರು. "ಏನೇ ಇದು, ಕಾಫಿ ಆರಿಹೋಗಿದೆ!" ಎಂದು ಗದರಿದರು.