ಯಮುನಮ್ಮ ಟೀಚರ ಕೋಪ

ಹುಂಚದ ಹತ್ತಿರದ ಹಳ್ಳಿಯೊಂದರ ಏಕೋಪಾಧ್ಯಾಯ ಶಾಲೆಯಲ್ಲಿ ಯಮುನಮ್ಮ ಟೀಚರ್ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದರು. ಒಂದೇ ಕೋಣೆ, ನಾಲ್ಕು ತರಗತಿ, ಐವತ್ತೆರಡು ಮಕ್ಕಳು. ಮದುವೆಯಾದ ಮೂರನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆಯ ಬೈಗುಳ ಬೆಳಕು ಹರಿಯುವ ಮೊದಲೇ ಶುರುವಾಗುತ್ತಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಇಲ್ಲಿ ಕೊತ್ತಿಯ ಬದಲು ಮಕ್ಕಳಿದ್ದರು, ಅಷ್ಟೇ. ಊರವರೋ, ಟೀಚರು ಭಾರಿ ಸ್ಟ್ರಿಕ್ಟು ಎಂದು ಹೊಗಳುತ್ತಿದ್ದರು.

೧೯೮೩ರಲ್ಲಿ ಹೊಸನಗರದಲ್ಲಿ ಹತ್ತು ದಿನದ ಶಿಕ್ಷಕರ ತರಬೇತಿ ನಡೆಯಿತು. ತರಬೇತಿ ಕೊಡಲು ಬಂದ ಧರ್ಮಪ್ಪ ಮೇಷ್ಟ್ರು ತಾವೇ ಮಾಡಿದ ಒಂದು ಆಟ ತಂದಿದ್ದರು. ಹಲಗೆಯ ಮೇಲೆ ಸೊಟ್ಟಸೊಟ್ಟಗೆ ಬಾಗಿಸಿ ನಿಲ್ಲಿಸಿದ ತಂತಿ, ಅದಕ್ಕೆ ಪೋಣಿಸಿದ ಒಂದು ಲೋಹದ ಬಳೆ, ಟಾರ್ಚಿನ ಸೆಲ್ಲು, ಪುಟ್ಟ ಗಂಟೆ. ತಂತಿಗೆ ತಾಗಿಸದೆ ಬಳೆಯನ್ನು ಈ ತುದಿಯಿಂದ ಆ ತುದಿಗೆ ಒಯ್ಯಬೇಕು. ತಾಗಿದರೆ ಗಂಟೆ ಬಡಿಯುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಶಿಕ್ಷಕ ತರಲೆ ಹುಡುಗನಂತೆ ಕಾಡುತ್ತಿರಬೇಕು.

"ಸಿಟ್ಟು ಮೊದ್ಲು ಕೈಗೆ ಬರುತ್ತೆ, ಆಮೇಲೆ ನಮಗೆ ಗೊತ್ತಾಗುತ್ತೆ. ಗಂಟೆ ಹೊಡೀತಾ? ನಿಲ್ಲಿ. ಉಸಿರು ಬಿಡಿ," ಎನ್ನುತ್ತಿದ್ದರು ಧರ್ಮಪ್ಪ ಮೇಷ್ಟ್ರು.

ಯಮುನಮ್ಮನವರ ಸರದಿ ಬಂದಾಗ, ಜೊತೆಗೆ ತರಬೇತಿಗೆ ಬಂದಿದ್ದ ಗುತ್ಯಪ್ಪ ಮೇಷ್ಟ್ರು ಮಗುವಿನ ದನಿ ತೆಗೆದು, "ಮಗ್ಗಿ ಮರ್ತೋಯ್ತು ಟೀಚರ್," ಎಂದರು. ಗಂಟೆ ಬಡಿದದ್ದು ನಿಲ್ಲಲೇ ಇಲ್ಲ. ಎಲ್ಲರೂ ನಕ್ಕರು. ಯಮುನಮ್ಮನವರಿಗೆ ಮಾತ್ರ ತಮ್ಮ ಶಾಲೆಯಲ್ಲಿದ್ದ, ಊರಿನ ಕೆರಿಯಪ್ಪನ ಎಂಟು ವರ್ಷದ ಮಗಳು ಶರಾವತಿ ನೆನಪಾದಳು. ಇದೇ ಮಾತು ಆಡಿದ್ದಕ್ಕೆ ಅವಳಿಗೆ ಕೋಲು ಮುರಿಯುವ ತನಕ ಹೊಡೆದಿದ್ದರು. ಮಾರನೆಯ ದಿನದಿಂದ ಅವಳು ಶಾಲೆಯ ಕಡೆ ಸುಳಿದಿರಲಿಲ್ಲ. ಹೋದರೆ ಹೋಗಲಿ ಎಂದು ಹಾಜರಿಯಿಂದ ಹೆಸರನ್ನೂ ಹೊಡೆದು ಹಾಕಿದ್ದರು.

ಒಂಬತ್ತನೆಯ ದಿನ, ಗುತ್ಯಪ್ಪ ಏನೆಲ್ಲ ಕಾಡಿದರೂ ಬಳೆ ಸದ್ದಿಲ್ಲದೆ ದಾಟಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಯಮುನಮ್ಮನವರ ಮನಸ್ಸಿನಲ್ಲಿ ಇದ್ದದ್ದು ಒಂದೇ: ಆ ಹುಡುಗಿಯನ್ನು ಮತ್ತೆ ಶಾಲೆಗೆ ಕರೆತರಬೇಕು.

ಊರಿಗೆ ಬಂದವರೇ ಕೆರಿಯಪ್ಪನ ಮನೆಗೆ ಹೋದರು. ಅವನ ಹೆಂಡತಿ ಜಲಜಮ್ಮ ಚಾಪೆ ಹಾಸಿದಳು.

"ಹೊಡ್ದಿದ್ದಕ್ಕೆ ನಮಗೇನ್ ಬೇಜಾರಿಲ್ಲ ಟೀಚರಮ್ಮ. ಕಣ್ಣೆರಡು ಬಿಟ್ಟು ಎಲ್ಲಿಗ್ ಬೇಕಾರೂ ಹೊಡೀರಿ. ಇವ್ಳೇ ಬರಲ್ಲ ಅಂತಾಳೆ," ಎನ್ನುತ್ತ ಬಾಗಿಲ ಸಂದಿಯಿಂದ ಮಗಳನ್ನು ಎಳೆದು ತಂದಳು.

"ಬಾ ಮಗಾ," ಎಂದು ಯಮುನಮ್ಮ ಅವಳ ತಲೆ ನೇವರಿಸಲು ಕೈ ಎತ್ತಿದರು.

ಶರಾವತಿ ತಟ್ಟನೆ ಅಂಗೈ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಎಷ್ಟು ಏಟು, ಟೀಚರ್?"

ಯಮುನಮ್ಮನವರಿಗೆ ಅಳು ತಡೆಯಲಾಗಲಿಲ್ಲ. ಅಂದಿನಿಂದ ಅವರು ಯಾವ ಮಗುವಿಗೂ ಹೊಡೆಯಲಿಲ್ಲ. ಶರಾವತಿ ಶಾಲೆಗೆ ಬರಲೂ ಇಲ್ಲ.