ಮಾತ್ರೆಗೂ ಕಾಫಿಗೂ ಒಂದೇ ಹೊತ್ತು

ಶನಿವಾರ, ಬೆಳಿಗ್ಗೆ ಹತ್ತು ಗಂಟೆ, ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಕ್ಲಿನಿಕ್ಕು. ಇದ್ದವರು ಡಾಕ್ಟರಮ್ಮ, ನನ್ನ ಯಜಮಾನರು ಮತ್ತು ನಾನು. ನನ್ನ ಕೈಯಲ್ಲಿ ಹೊಸ ರಕ್ತಪರೀಕ್ಷೆಯ ರಿಪೋರ್ಟು.

ನನ್ನ ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ತುಪ್ಪವಿಲ್ಲ, ಕರಿದದ್ದಿಲ್ಲ. ಭಾನುವಾರ ವಾಕಿಂಗ್ ಮುಗಿಸಿ ಯಜಮಾನರು ತರುತ್ತಿದ್ದ ಕಡಲೆಹಿಟ್ಟಿನ ಗರಿಗರಿ ಫಾಫಡಾ, ಜಿಲೇಬಿಯನ್ನೂ ನಿಲ್ಲಿಸಿದ್ದೆ. ಅವರ ಕೊಲೆಸ್ಟ್ರಾಲ್ ಸರಿಯಾಗಿಯೇ ಇತ್ತು. ಆದರೆ ಮನೆಗೆಲ್ಲ ಒಂದೇ ನಿಯಮ. ಇಷ್ಟಾದರೂ ನನ್ನದು ಇನ್ನಷ್ಟು ಏರಿತ್ತು. ನನ್ನ ಅಮ್ಮ ಐವತ್ತೆರಡಕ್ಕೇ ಹೃದಯಾಘಾತದಿಂದ ಹೋದವರು. ಇದು ಅವರಿಂದ ಬಂದದ್ದಾದರೆ ವಡೋದರಾದಲ್ಲಿರುವ ಮಗಳಿಗೂ ಬಂದೀತು. ರಿಪೋರ್ಟು ಕೈಗೆ ಬಂದಾಗಿನಿಂದ ನನಗೆ ಅದೊಂದೇ ಯೋಚನೆ.

“ಊಟದಿಂದಲೇ ಏರಬೇಕು ಅಂತಿಲ್ಲ ಮಾಸಿ,” ಎಂದರು ಡಾಕ್ಟರಮ್ಮ ಹಿಂದಿಯಲ್ಲಿ; ಇಲ್ಲಿ ಚಿಕ್ಕಮ್ಮನ ವಯಸ್ಸಿನವರೆಲ್ಲ ಮಾಸಿ. “ಹೆಚ್ಚಿನ ಪಾಲು ಲಿವರೇ ತಯಾರಿಸುತ್ತೆ. ಕೆಲವರಿಗೆ ವಂಶದಿಂದ ಏರುತ್ತೆ, ಕೆಲವರಿಗೆ ತೂಕದಿಂದ, ಸಕ್ಕರೆ ಕಾಯಿಲೆಯಿಂದ. ಥೈರಾಯ್ಡ್ ಕಡಿಮೆಯಾದರೂ ಅಷ್ಟೇ, ರಕ್ತದಿಂದ ಕೊಲೆಸ್ಟ್ರಾಲ್ ತೆಗೆಯೋ ಕೆಲಸ ನಿಧಾನವಾಗುತ್ತೆ. ನಿಮ್ಮ ಥೈರಾಯ್ಡ್ ನೋಡಿ, ಅದಕ್ಕೆ ದಿನಾ ತಗೊಳ್ಳೋ ಮಾತ್ರೆ ಬಿಟ್ಟವರ ಹಾಗಿದೆ. ಬಿಟ್ಟಿದ್ದೀರಾ?”

ನನಗೆ ರೇಗಿತು. “ಒಂದು ದಿನ ತಪ್ಪಿಸಿಲ್ಲ. ಬೆಳಿಗ್ಗೆ ಐದೂವರೆಗೆ, ಖಾಲಿ ಹೊಟ್ಟೆಯಲ್ಲಿ.”

“ಯಾವುದರ ಜೊತೆ?”

“ಕಾಫಿ ಜೊತೆ.”

ಅವರು ಪೆನ್ನು ಕೆಳಗಿಟ್ಟರು. “ಅದು ಖಾಲಿ ಹೊಟ್ಟೆಯಾ?”

“ಕಾಫಿ ತಾನೇ! ನಮ್ಮಲ್ಲಿ ಏಕಾದಶಿ ಉಪವಾಸಕ್ಕೂ ಕಾಫಿ ನಡೆಯುತ್ತೆ.”

“ದೇವರು ಒಪ್ಪಬಹುದು, ಈ ಮಾತ್ರೆ ಒಪ್ಪಲ್ಲ,” ಎಂದು ನಕ್ಕರು. “ಕಾಫಿ ಅದನ್ನ ಪೂರ್ತಿ ರಕ್ತಕ್ಕೆ ಸೇರೋಕೆ ಬಿಡಲ್ಲ. ಬರೀ ನೀರಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡೀರಿ. ಎರಡು ತಿಂಗಳಿಗೆ ಮತ್ತೆ ನೋಡೋಣ. ಮಗಳೂ ಒಮ್ಮೆ ಪರೀಕ್ಷೆ ಮಾಡಿಸಲಿ, ಒಳ್ಳೇದು.”

ಕೆಲಸದಲ್ಲಿದ್ದಾಗ ನನಗೆ ಐದಕ್ಕೆ ಮಾತ್ರೆ, ಆರಕ್ಕೆ ಕಾಫಿ. ಹಿಂದಿನ ವರ್ಷ ನಿವೃತ್ತಳಾದ ಮೇಲೆ, ಎರಡು ಸಲ ಅಡುಗೆಮನೆಗೆ ಹೋಗುವುದೇಕೆಂದು ಎರಡನ್ನೂ ಸೇರಿಸಿ ಅಚ್ಚುಕಟ್ಟು ಮಾಡಿದ್ದೆ. ಅದೇ ಅಚ್ಚುಕಟ್ಟು ನನ್ನ ರಕ್ತಕ್ಕೆ ಮುಳುವಾಗಿತ್ತು! ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಕುಣಿಯುವಷ್ಟು ಖುಷಿಯಾಯಿತು.

ಮೆಟ್ಟಿಲಿಳಿಯುವಾಗ ಯಜಮಾನರು ಕೇಳಿದರು: “ಅಂದ್ರೆ ನನ್ನ ಫಾಫಡಾ ನಿರಪರಾಧಿ ಅಂತಾಯ್ತು?”

“ಮೆಲ್ಲಗೆ ಹೇಳ್ರೀ, ಡಾಕ್ಟರಿಗೆ ಕೇಳಿಸತ್ತೆ.”

“ಮೂರು ತಿಂಗಳು ಶಿಕ್ಷೆ ಅನುಭವಿಸಿದೀನಿ ಕಣೇ!”

ಆಟೋದಲ್ಲೇ ಮಗಳಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. “ಅಮ್ಮಾ, ಸ್ವಲ್ಪ ಉಸಿರು ತಗೋ,” ಎಂದಳು. “ಸೋಮವಾರ ರಕ್ತ ಕೊಡ್ತೀನಿ. ಮೊದಲು ಪಪ್ಪಾಗೆ ಫಾಫಡಾ ಕೊಡಿಸು.”

ಅವಳ ರಿಪೋರ್ಟು ಸರಿಯಾಗಿ ಬಂದದ್ದು, ಎರಡು ತಿಂಗಳಲ್ಲಿ ನನ್ನದು ಇಳಿದದ್ದು ಆಮೇಲಿನ ಮಾತು. ಆ ದಿನ ಕಾರಣವೊಂದು ಕೈಗೆ ಸಿಕ್ಕಿದ್ದೇ ನನಗೆ ಸಾಕಾಗಿತ್ತು.

ಸಂಜೆ ಫ್ರಿಜ್ಜಿನ ಬಾಗಿಲ ಮೇಲಿದ್ದ ವೇಳಾಪಟ್ಟಿಯ ಮೊದಲ ಸಾಲನ್ನು ಹೊಡೆದುಹಾಕಿ, ಐದಕ್ಕೆ ಮಾತ್ರೆ, ಆರಕ್ಕೆ ಕಾಫಿ ಎಂದು ಎರಡು ಸಾಲು ಬರೆದೆ. ರಾತ್ರಿ ಎಂಟೂವರೆಗೆ ಮರುದಿನದ ಕಾಫಿಗೆ ಫಿಲ್ಟರಿಗೆ ಪುಡಿ ಹಾಕಿ, ಅದರ ಪಕ್ಕದಲ್ಲೇ ಇರುತ್ತಿದ್ದ ಮಾತ್ರೆ ಡಬ್ಬಿಯನ್ನು ಎತ್ತಿಕೊಂಡು ಹೋಗಿ ನನ್ನ ಮಂಚದ ಬದಿಗೆ, ಒಂದು ಲೋಟ ನೀರಿನ ಜೊತೆ ಇಟ್ಟೆ.