ಹೂಂಗುಟ್ಟಪ್ಪನ ನಿದ್ದೆ

ಬೀದಿಯ ತಿರುವಿನಲ್ಲಿ ಎರಡು ಕುರ್ಚಿಗಳ ಒಂದು ಕ್ಷೌರದಂಗಡಿ ಇದೆ. ಅದರ ಯಜಮಾನನಿಗೆ ಗಿರಾಕಿಗಳು ಇಟ್ಟ ಹೆಸರು ಹೂಂಗುಟ್ಟಪ್ಪ. ಕುರ್ಚಿಯಲ್ಲಿ ಕೂತವನು ಏನೇ ಹೇಳಲಿ, ಇವನು ಹೂಂ ಅನ್ನುತ್ತಾನೆ. ಸರ್ಕಾರ ಕೆಟ್ಟುಹೋಯಿತು ಎಂದು ಒಬ್ಬ ಹೇಳಿದರೆ ಹೂಂ. ಅವನು ಎದ್ದು ಹೋದ ಮೇಲೆ ಇನ್ನೊಬ್ಬ ಬಂದು, ಇಂಥ ಒಳ್ಳೆಯ ಸರ್ಕಾರ ಹಿಂದೆ ಇರಲೇ ಇಲ್ಲ ಎಂದರೂ ಹೂಂ. ಇದನ್ನು ಪೆದ್ದುತನ ಎಂದುಕೊಳ್ಳಬೇಡಿ. ಗಂಟಲ ಮೇಲೆ ಕತ್ತಿ ಇಟ್ಟವನು ವಾದಕ್ಕಿಳಿದರೆ ಯಾವ ಗಿರಾಕಿ ಅಲ್ಲಾಡದೆ ಕೂರುತ್ತಾನೆ? ಈ ಉಪಾಯ ಹೇಳಿಕೊಟ್ಟವನು ಅವನ ಅಣ್ಣ. ಕತ್ತರಿ ಹಿಡಿಯಲು ಕಲಿಸಿದವನೂ ಅಣ್ಣನೇ. ಎರಡನೆಯ ಕುರ್ಚಿ ಅಣ್ಣನದಾಗಿತ್ತು.

ಆ ಅಣ್ಣ ಒಂದು ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಹಿಂದಿನ ದಿನ ಸಂಜೆಯವರೆಗೂ ಕೆಲಸ ಮಾಡಿ, ಕನ್ನಡಿ ಒರೆಸಿ, ಬಾಗಿಲೆಳೆದು ಹೋಗಿದ್ದ ಮನುಷ್ಯ. ನೋಡಲು ಬಂದವರೆಲ್ಲ, "ಪುಣ್ಯವಂತ ಬಿಡಿ, ನಿದ್ದೇಲೇ ಹೋದ್ರು, ಏನೂ ಗೊತ್ತೇ ಆಗಿರಲ್ಲ" ಎಂದರು. ಹೂಂಗುಟ್ಟಪ್ಪ ಅಷ್ಟೂ ಜನಕ್ಕೆ ಹೂಂ ಅಂದ. ಅಂದಿದ್ದೇನೋ ಅಂದ, ಆ ಮಾತು ಮಾತ್ರ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದುಬಿಟ್ಟಿತು. ಏನೂ ಗೊತ್ತೇ ಆಗದೆ ಹೋಗುವುದು ಪುಣ್ಯ ಹೇಗಾಗುತ್ತದೆ? ನಾಳೆ ತಾನೂ ಹಾಗೇ ಮಲಗಿದಲ್ಲೇ ಉಳಿದುಬಿಟ್ಟರೆ?

ಅಲ್ಲಿಂದ ಶುರುವಾಯಿತು ನೋಡಿ. ಮಲಗಿದರೆ ಕಣ್ಣು ಎಳೆಯುತ್ತಿತ್ತು. ಎಳೆದ ಕೂಡಲೇ ಎದೆ ಧಸಕ್ಕೆಂದು ಎದ್ದು ಕೂರುತ್ತಿದ್ದ. ಹೆಂಡತಿ ಪಕ್ಕದಲ್ಲಿ ಲೋಕದ ಪರಿವೆಯಿಲ್ಲದೆ ಗೊರಕೆ ಹೊಡೆಯುವಾಗ ಅವಳ ಮೇಲೆ ಹೊಟ್ಟೆಕಿಚ್ಚು, ಒಂದು ಕ್ಷಣ ಗೊರಕೆ ನಿಂತರೆ ಗಾಬರಿ. ಹಗಲಾದರೂ ನೆಮ್ಮದಿಯೇ? ಅದೂ ಇಲ್ಲ. ಗಿರಾಕಿ ಇಲ್ಲದಾಗ ಬಾಚಣಿಗೆಗಳನ್ನು ತೊಳೆದಿಟ್ಟು, ಒರೆಸಿಟ್ಟು, ಮತ್ತೆ ತೊಳೆಯುವನು. ಹೊಸ್ತಿಲ ತನಕ ಹೋಗುವನು, ಬೀದಿ ನೋಡುವನು, ಒಳಗೆ ಬರುವನು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ ಹೂಂ ಅನ್ನುವನು.

ನಿದ್ದೆ ಬರುವುದಿಲ್ಲ ಎಂದು ಕುರ್ಚಿಯಲ್ಲಿ ಕೂತವರಿಗೆಲ್ಲ ಹೇಳಿಕೊಂಡ. ಯಾಕೆ ಬರುವುದಿಲ್ಲ ಎಂಬುದನ್ನು ಮಾತ್ರ ಹೆಂಡತಿಗೂ ಹೇಳಲಿಲ್ಲ. ಮೂವತ್ತು ವರ್ಷ ಜನರ ಗಂಟಲ ಮೇಲೆ ಕತ್ತಿ ಆಡಿಸಿದ ಗಂಡಸು ಹಾಸಿಗೆಗೆ ಹೆದರುತ್ತಾನೆ ಎಂದರೆ ಮರ್ಯಾದೆ ಉಳಿಯುತ್ತದೆಯೇ? ಜನರೂ ಯಾಕೆ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಕ್ಷೌರದಂಗಡಿಯಲ್ಲಿ ಕಾಯಿಲೆಯ ಹೆಸರು ಎತ್ತುವುದೇ ತಡ, ನಾಲ್ಕು ದಿಕ್ಕಿನಿಂದ ಮದ್ದು ಬರುತ್ತದೆ. ಬ್ಯಾಂಡಿನಲ್ಲಿ ಕಹಳೆ ಊದುವವನು ಯಾವುದೋ ಬೇರಿನ ಟೀ ಪೊಟ್ಟಣ ತಂದುಕೊಟ್ಟ. ಎದುರು ಸಾಲಿನ ದರ್ಜಿ ‘ನೆಮ್ಮದಿ’ ಎಂದು ಹೆಸರಿದ್ದ ಮಾತ್ರೆಯ ಡಬ್ಬಿ ತಂದ. "ಗಿಡಮೂಲಿಕೆ ಕಣ್ರೀ, ಎಷ್ಟು ತಗೊಂಡ್ರೂ ಏನೂ ಆಗಲ್ಲ" ಎಂದ. ಅತ್ತಿಗೆ, ಅಂದರೆ ತೀರಿಹೋದ ಅಣ್ಣನ ಹೆಂಡತಿ, ನೀರಿಗೆ ಹಾಕಿ ಕುಡಿಯುವ ಕಂದು ಬಣ್ಣದ ಹನಿಗಳ, ಅರ್ಧ ಖಾಲಿಯಾದ ಬಾಟಲಿ ಕೊಟ್ಟಳು.

ಬೇರೆ ಯಾರಾದರೂ ಆಗಿದ್ದರೆ ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಮೂಲೆಗಿಡುತ್ತಿದ್ದರು. ಹೂಂಗುಟ್ಟಪ್ಪನಿಂದ ಅದಾಗುತ್ತದೆಯೇ? ನಾಳೆ ಕಹಳೆಯವನು ಬಂದು, "ಕುಡಿದ್ರಾ?" ಎಂದರೆ ಹೂಂ ಅನ್ನಬೇಕು. ದರ್ಜಿ ಕೇಳಿದರೂ ಹೂಂ ಅನ್ನಬೇಕು. ಹರಟೆಗೆ ಹೂಂ ಅನ್ನುವುದು ಬೇರೆ, ಪ್ರೀತಿಯಿಂದ ಕೊಟ್ಟದ್ದನ್ನು ಕುಡಿಯದೆಯೇ ಹೂಂ ಅನ್ನುವುದು ಅವನ ಜಾಯಮಾನವಲ್ಲ. ಆದ್ದರಿಂದ ಸಂಜೆ ಟೀ, ಊಟವಾದ ಮೇಲೆ ಮಾತ್ರೆ, ಮಲಗುವಾಗ ಹನಿ. ಇವೆಲ್ಲದರ ಮೇಲೆ, ಕೂದಲ ಧೂಳಿಗೆ ಬರುವ ಸೀನಿಗೆಂದು ಬಹಳ ಕಾಲದಿಂದ ನುಂಗುತ್ತಿದ್ದ ಪುಟ್ಟ ಬಿಳಿ ಮಾತ್ರೆ ಹೇಗೂ ಇತ್ತಲ್ಲ. ಯಾರ ಮನಸ್ಸನ್ನೂ ನೋಯಿಸಲಿಲ್ಲ ಮಹಾನುಭಾವ.

ನಿದ್ದೆಯೇನೋ ಬಂತು. ಆದರೆ ಬರಬೇಕಾದ ಹೊತ್ತಿಗಲ್ಲ. ರಾತ್ರಿ ಭಯ ಅದನ್ನು ತಳ್ಳಿ ತಳ್ಳಿ ಓಡಿಸುತ್ತಿತ್ತು, ಬೆಳಿಗ್ಗೆ ಅದು ಅಂಗಡಿಗೇ ಬಂದು ಹೆಗಲೇರುತ್ತಿತ್ತು. ತಲೆ ಭಾರ, ನಾಲಿಗೆ ದಪ್ಪ. ನಿಂತಲ್ಲೇ ತೂಕಡಿಕೆ. ಇನ್ನೂ ಸಾಲದೇನೋ ಎಂದುಕೊಂಡು ಹನಿಗಳನ್ನು ಸ್ವಲ್ಪ ಧಾರಾಳವಾಗಿಯೇ ಸುರಿದುಕೊಳ್ಳತೊಡಗಿದ.

ಒಂದು ಬೆಳಿಗ್ಗೆ ಕಹಳೆಯವನು ಮೀಸೆ ತಿದ್ದಿಸಿಕೊಳ್ಳಲು ಬಂದ. ಸಂಜೆ ದೊಡ್ಡ ಕಾರ್ಯಕ್ರಮ, ಹೊಸ ಕೋಟು, ಅವನ ಖುಷಿಯೇ ಖುಷಿ. ಹೂಂಗುಟ್ಟಪ್ಪ ಅವನ ಮೂಗನ್ನು ಬೆರಳ ತುದಿಯಿಂದ ಮೇಲೆತ್ತಿ, ತುಟಿಯ ಅಂಚಿಗೆ ಕತ್ತಿ ಇಟ್ಟ. ಕಹಳೆಯವನು ಏನೋ ಹೇಳುತ್ತಿದ್ದ. ಇವನು ಹೂಂ ಅಂದ. ಮುಂದಿನ ಹೂಂ ಬರಲಿಲ್ಲ. ಕಣ್ಣು ಬಿಟ್ಟಾಗ ನೊರೆಯೆಲ್ಲ ಕೆಂಪಾಗಿತ್ತು.

ಗಾಯ ಬಹಳ ಆಳವಿರಲಿಲ್ಲ. ಆದರೆ ಇದ್ದದ್ದು ಮೇಲ್ತುಟಿಯಲ್ಲಿ. ಕಹಳೆಯವನಿಗೆ ತುಟಿಯೇ ಬದುಕು. ಅವನು ಬೈದಿದ್ದರೆ ಚೆನ್ನಾಗಿತ್ತು. ಕನ್ನಡಿ ನೋಡಿಕೊಂಡು, "ಸಂಜೆ ಊದೋಕಾಗಲ್ಲ ಅಲ್ವಾ?" ಎಂದಷ್ಟೇ ಕೇಳಿದ. ಹೂಂಗುಟ್ಟಪ್ಪನಿಗೆ ಕತ್ತಿ ಒಂದು ಗೇಣು ಕೆಳಗಿದ್ದಿದ್ದರೆ ಎಂಬ ಯೋಚನೆ ಬಂತು. ಬಾಗಿಲನ್ನು ಹಾಗೇ ಬಿಟ್ಟು, ಅವನ ರಟ್ಟೆ ಹಿಡಿದು, ಔಷಧದಂಗಡಿಗೆ ಎಳೆದುಕೊಂಡು ಹೋದ.

ಔಷಧದಂಗಡಿಯ ಹೆಂಗಸು ಮಾತಿನಲ್ಲಿ ಖಾರ, ಕೈಯಲ್ಲಿ ಮೃದು. ತುಟಿಗೆ ಹತ್ತಿ ಒತ್ತಿ, "ಯಾರ ಕೆಲಸ ಇದು?" ಎಂದಳು.

"ಪಾಪ, ಇವರಿಗೆ ನಿದ್ದೆ ಇಲ್ಲ. ನಾನೇ ಬೇರಿನ ಟೀ ಕೊಟ್ಟಿದ್ದೆ," ಎಂದ ಕಹಳೆಯವನು, ಹತ್ತಿಯ ಸಂದಿಯಿಂದಲೇ.

"ಬರೀ ಟೀನಾ? ಬೇರೇನಾದ್ರೂ ತಗೋತೀರಾ?"

ಹೂಂಗುಟ್ಟಪ್ಪ ತಲೆ ತಗ್ಗಿಸಿ ಒಂದೊಂದೇ ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಗಲ್ಲಾದ ಮೇಲಿಟ್ಟಳು. "ಅಷ್ಟನ್ನೂ ಇಲ್ಲಿಗೆ ತನ್ನಿ. ಸೀನಿನ ಮಾತ್ರೆನೂ ಬಿಡಬೇಡಿ," ಎಂದಳು. ಓಡಿಹೋಗಿ ತಂದ. ಅವಳು ಚೀಟಿಗಳ ಮೇಲಿನ ಸಣ್ಣಕ್ಷರಗಳನ್ನು ಬೆರಳಿಟ್ಟು ಓದಿದಳು.

"ನೋಡಿ. ಟೀಯಲ್ಲಿರೋದೂ, ಡಬ್ಬೀಲಿರೋದೂ, ಬಾಟಲೀಲಿರೋದೂ ಒಂದೇ ಬೇರು. ಮೂರು ಮದ್ದು ತಗೋತಿದೀನಿ ಅಂದ್ಕೊಂಡು ಒಂದೇ ಮದ್ದನ್ನ ಮೂರು ಪಟ್ಟು ತಗೊಂಡಿದೀರಿ. ಸೀನಿನ ಮಾತ್ರೆನೂ ನಿದ್ದೆ ತರಿಸುತ್ತೆ, ಅದು ಇದರ ಬೆನ್ನಿಗೆ ನಿಂತ್ಕೊಳ್ತು. ಇನ್ನು ಈ ಹನಿ ಮಾಡಿರೋದು ಮದ್ಯಸಾರದಲ್ಲಿ."

"ದಿನಾ ಗುಂಡು ಹಾಕ್ತಿದ್ರಿ ಅನ್ನಿ!" ಎಂದ ಕಹಳೆಯವನು. ನಗಲು ಹೋಗಿ ತುಟಿ ಎಳೆದು, ಅಮ್ಮಾ ಎಂದ.

"ಗಿಡಮೂಲಿಕೆ ತಾನೆ, ಏನೂ ಆಗಲ್ಲ ಅಂದ್ರು," ಎಂದ ಹೂಂಗುಟ್ಟಪ್ಪ.

"ನಿದ್ದೆ ಬರಿಸೋ ಶಕ್ತಿ ಇದೆ ಅಂದ್ಮೇಲೆ ಏನೂ ಆಗಲ್ಲ ಅಂತ ಹೇಗ್ರೀ ಹೇಳ್ತೀರಾ? ತಗೊಳ್ಳೋದಾದ್ರೆ ಒಂದೇ ತಗೋಬೇಕು, ಚೀಟೀಲಿ ಹೇಳಿದಷ್ಟೇ ತಗೋಬೇಕು, ಕೆಲವು ದಿನಕ್ಕೆ ಮಾತ್ರ. ಬೇರೆ ನಿದ್ದೆ ಮಾತ್ರೆ, ಕುಡಿತ ಯಾವುದರ ಜೊತೆಗೂ ಸೇರಿಸಬಾರದು. ಮಂಪರು ಇರೋವಾಗ ಕತ್ತಿ ಮುಟ್ಟಬಾರದು. ಸದ್ಯಕ್ಕೆ ಇದ್ಯಾವುದೂ ಬೇಡ. ನಾಳೆ ಎಲ್ಲ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿ, ಒಂದನ್ನೂ ಮುಚ್ಚಿಡದೆ ಹೇಳಿ." ಆಮೇಲೆ ಕಂದು ಬಾಟಲಿ ಎತ್ತಿ ಕೇಳಿದಳು: "ಇದು ಅರ್ಧ ಖಾಲಿಯಾದ ಮೇಲೆ ನಿಮ್ಮ ಕೈಗೆ ಬಂತು ಅಂದ್ರಲ್ಲ. ಕೊಟ್ಟವರು ಎಷ್ಟು ತಗೋತಿದಾರೆ?"

ಅದು ಅವನಿಗೆ ಗೊತ್ತಿರಲಿಲ್ಲ. ಅತ್ತಿಗೆಯ ಬಳಿ ನಿದ್ದೆಯ ಮದ್ದು ಯಾಕಿತ್ತು ಎಂದು ಯೋಚಿಸಿಯೇ ಇರಲಿಲ್ಲ. ತನ್ನ ನಿದ್ದೆಗೇಡಿನಲ್ಲಿ ತಾನೇ ಮುಳುಗಿದ್ದ.

ಕಹಳೆಯವನನ್ನು ಮನೆ ಮುಟ್ಟಿಸಿ, ಅಂಗಡಿಗೆ ಬೀಗ ಜಡಿದು, ನೇರ ಅತ್ತಿಗೆಯ ಮನೆಗೆ ನಡೆದ. ಅವಳು ಲಾಂಡ್ರಿಯೊಂದಕ್ಕೆ ಇಸ್ತ್ರಿ ಮಾಡಿಕೊಡುತ್ತಾಳೆ. ಮಧ್ಯಾಹ್ನದ ಸೆಕೆಯಲ್ಲಿ, ಬಿಳಿ ಅಂಗಿಗಳ ರಾಶಿಯ ನಡುವೆ ನಿಂತಿದ್ದಳು. ಕಿಟಕಿಯಲ್ಲಿ ಅದೇ ಕಂದು ಬಾಟಲಿ, ಹೊಸದು. ಅವಳ ಮುಂಗೈ ಮೇಲೆ ಇಸ್ತ್ರಿ ತಾಗಿ ಸುಟ್ಟ ಗೆರೆಗಳು, ಹಳೆಯವು ಕೆಲವು, ಇನ್ನೂ ಕೆಂಪಗಿದ್ದವು ಕೆಲವು. ಇಷ್ಟು ದಿನ ಈ ಮನೆಗೆ ಬಂದು ಹೋಗಿಯೂ ಇವು ತನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಎಷ್ಟು ಹನಿ ಹಾಕ್ಕೋತೀರಿ ಅತ್ತಿಗೆ?"

"ಹನಿಯೆಲ್ಲ ಯಾರು ಎಣಿಸ್ತಾರೆ? ಮುಚ್ಚಳದಲ್ಲಿ ಹಾಕ್ಕೊಂಡು ಕುಡೀತೀನಿ. ಆದ್ರೂ ನಿದ್ದೆ ಬರಲ್ಲ."

ಅವನು ಔಷಧದಂಗಡಿಯ ಹೆಂಗಸು ಹೇಳಿದ್ದನ್ನೆಲ್ಲ ಹೇಳಿದ. ಕಹಳೆಯವನ ತುಟಿಯ ವಿಷಯವನ್ನೂ ಹೇಳಿದ. ಅವಳು ಕಿವಿಗೆ ಹಾಕಿಕೊಂಡಳೋ ಇಲ್ಲವೋ, ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಓಡುತ್ತಲೇ ಇತ್ತು. ಆಗ ಅವನ ಬಾಯಿಂದ ತಾನಾಗಿ ಬಂತು:

"ನಂಗೆ ನಿದ್ದೆ ಬರಲ್ಲ ಅನ್ನೋದು ಸುಳ್ಳು ಅತ್ತಿಗೆ. ಬರುತ್ತೆ. ನಾನೇ ಓಡಿಸ್ತೀನಿ. ಭಯ. ಅಣ್ಣನ ಹಾಗೆ ಏನೂ ಗೊತ್ತಾಗದೆ ನಿದ್ದೇಲೇ ಹೋಗಿಬಿಟ್ರೆ ಅಂತ."

ಇಸ್ತ್ರಿ ನಿಂತಿತು. ಅವಳು ಸ್ವಿಚ್ ಆರಿಸಿ, ಅಂಗಿಯನ್ನು ಪಕ್ಕಕ್ಕೆ ಸರಿಸಿ, ಗೋಡೆಗೊರಗಿ ಕೆಳಗೆ ಕೂತಳು.

"ನಿಮ್ಮಣ್ಣ ನಿದ್ದೇಲಿ ಹೋಗಲಿಲ್ಲ," ಎಂದಳು. "ನನ್ನ ಎಬ್ಬಿಸಿದ್ರು. ಎದೆ ಉರೀತಿದೆ, ಒಂದು ಲೋಟ ನೀರು ಕೊಡು ಅಂದ್ರು. ಎರಡು ಸಲ ಅಂದ್ರು. ನಂಗೆ ಸುಸ್ತಾಗಿತ್ತು. ಅಲ್ಲೇ ಇದೆಯಲ್ಲ, ಎದ್ದು ಕುಡೀರಿ ಅಂತ ಮಗ್ಗುಲು ಬದಲಿಸಿ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದ್ರೆ... ಎಲ್ಲರೂ ನಿದ್ದೇಲೇ ಹೋದ್ರು ಅಂದ್ರು. ನಾನು ಹೌದು ಅಂದೆ."

ಹೂಂಗುಟ್ಟಪ್ಪನಿಗೆ ರಕ್ತ ನೆತ್ತಿಗೇರಿತು. ಒಂದು ಲೋಟ ನೀರು! ತನ್ನ ಕೈಹಿಡಿದು ಕೆಲಸ ಕಲಿಸಿದ ಅಣ್ಣ ಎರಡು ಸಲ ಕೇಳಿದ್ದ ಒಂದು ಲೋಟ ನೀರು! ಎದ್ದು ನಿಂತ, ಬಾಗಿಲ ತನಕ ಹೋದ, ಚಪ್ಪಲಿಗೆ ಕಾಲು ತೂರಿಸಿದ. ಹೊರಗೆ ಹೋಗಲು ಕಾಲೇಳಲಿಲ್ಲ. ತಿರುಗಿ ನೋಡಿದರೆ ಅವಳು ಸುಟ್ಟ ಕೈಗಳನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು, ಅವನು ಏನು ಹೇಳಿದರೂ ಕೇಳಿಸಿಕೊಳ್ಳಲು ತಯಾರಾದವಳ ಹಾಗೆ ಕೂತಿದ್ದಳು. ಸಿಟ್ಟು ಎಲ್ಲಿ ಹೋಯಿತೋ, ಸಂಕಟವೊಂದೇ ಉಳಿಯಿತು. ಚಪ್ಪಲಿ ಬಿಟ್ಟು ಬಂದು ಎದುರಿಗೆ ಕೂತ.

"ನಾನು ಎದ್ದಿದ್ರೆ ಬದುಕ್ತಿದ್ರಾ?" ಎಂದು ಅವಳು ಕೇಳಿದಳು.

ಇಲ್ಲ ಎಂದುಬಿಡುವುದು ಸುಲಭವಿತ್ತು. ಆದರೆ ಎಲ್ಲರೂ ಅವಳಿಗೆ ಸುಲಭದ ಮಾತನ್ನೇ ಹೇಳಿ ಹೋಗಿದ್ದರು.

"ಗೊತ್ತಿಲ್ಲ ಅತ್ತಿಗೆ. ನಂಗೆ ಗೊತ್ತಿಲ್ಲ," ಎಂದ. ಅವಳು ಜೋರಾಗಿ ಅತ್ತಳು. ಅವನೂ ಅತ್ತ. ಲಾಂಡ್ರಿಯವನು ಅಂಗಿ ಕೇಳಲು ಬಂದವನು ಇಬ್ಬರನ್ನೂ ನೋಡಿ ಸದ್ದಿಲ್ಲದೆ ವಾಪಸ್ಸಾದ.

ಮರುದಿನ ಇಬ್ಬರೂ ಬಾಟಲಿ, ಡಬ್ಬಿಗಳನ್ನೆಲ್ಲ ಒಂದೇ ಚೀಲದಲ್ಲಿ ತುಂಬಿಕೊಂಡು ಡಾಕ್ಟರ ಕೋಣೆಯಲ್ಲಿ ಕೂತಿದ್ದರು. ಡಾಕ್ಟರು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಮೊದಲು ಅತ್ತಿಗೆಯ ಕಡೆ ತಿರುಗಿದರು.

"ಯಾವಾಗಿಂದ ನಿದ್ದೆ ಇಲ್ಲ ತಾಯಿ?"

"ಅವರು ನೀರು ಕೇಳಿದಾಗಿಂದ," ಎಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಹೂಂಗುಟ್ಟಪ್ಪನ ಕಡೆ ನೋಡಿ, "ನಿಮಗೆ?" ಎಂದರು.

"ನಂಗೂ ಆವತ್ತಿಂದಲೇ," ಎಂದ ಹೂಂಗುಟ್ಟಪ್ಪ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನೀವೇ ಹೇಳಿ ಅತ್ತಿಗೆ, ಮೊದಲಿಂದ ಹೇಳಿ," ಎಂದು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.